ಹಾಕಿದವರು ಹೋದರು, ಬೀಗ ಉಳಿಯಿತು

ಹುಣಸೂರು, ಪಿರಿಯಾಪಟ್ಟಣದ ಬಸ್ ನಿಲ್ದಾಣಗಳ ಆಸುಪಾಸಿನ ಡಿ.ಟಿ.ಪಿ. ಅಂಗಡಿಗಳಲ್ಲಿ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಟೈಪು ಮಾಡುವವರಿಗೆ ಒಂದು ಸಂದೇಶ ಚಿರಪರಿಚಿತ. ನಿನ್ನೆ ಸಂಜೆ ಅರ್ಧ ಮಾಡಿಟ್ಟ ಫೈಲನ್ನು ಬೆಳಿಗ್ಗೆ ತೆರೆಯಲು ಹೋದರೆ, ಇದನ್ನು ಈಗಾಗಲೇ ಒಬ್ಬರು ತಿದ್ದುತ್ತಿದ್ದಾರೆ, ಬೀಗ ಬಿದ್ದಿದೆ ಎನ್ನುತ್ತದೆ ಕಂಪ್ಯೂಟರು. ಯಾರಪ್ಪಾ ಆ ಮಹಾಶಯ ಎಂದು ನೋಡಿದರೆ, ತೆರೆಯಲು ಕೂತವರದೇ ಹೆಸರು! ಇದರಲ್ಲಿ ಮಾಟಮಂತ್ರವೇನೂ ಇಲ್ಲ. ವರ್ಡ್ ಆಗಲಿ ಲಿಬ್ರೆಆಫೀಸ್ ಆಗಲಿ, ಒಂದು ಫೈಲನ್ನು ತೆರೆದ ಕೂಡಲೇ ಅದರ ಪಕ್ಕದಲ್ಲೇ ಕಣ್ಣಿಗೆ ಬೀಳದ ಇನ್ನೊಂದು ಪುಟ್ಟ ಫೈಲನ್ನು ಸೃಷ್ಟಿಸಿ, ತೆರೆದವರ ಹೆಸರನ್ನು ಅದರಲ್ಲಿ ಬರೆದಿಡುತ್ತದೆ. ಮುಚ್ಚುವಾಗ ಅದನ್ನು ತಾನೇ ಅಳಿಸುತ್ತದೆ. ಆದರೆ ನಿನ್ನೆ ಸಂಜೆ ಮುಚ್ಚುವ ಮೊದಲೇ ಕರೆಂಟು ಹೋಯಿತು. ಅಳಿಸಬೇಕಾದ ಪ್ರೋಗ್ರಾಮು ಸತ್ತಿತು, ಅದು ಬರೆದಿಟ್ಟ ಚೀಟಿ ಮಾತ್ರ ಉಳಿಯಿತು.

ಅಂಗಡಿಯಲ್ಲಿ ಇದು ಒಬ್ಬರ ತಲೆನೋವು. ಐವತ್ತು ಜನ ಒಂದೇ ಸಾಫ್ಟ್‌ವೇರಿನ ಮೇಲೆ ಕೆಲಸ ಮಾಡುವ ಕಡೆ ಇದೇ ತೊಂದರೆ ಐವತ್ತು ಜನರನ್ನೂ ಕೈಕಟ್ಟಿ ಕೂರಿಸಬಲ್ಲದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಂದ ಓದಿ, ಮೈಸೂರಿನ ಹೆಬ್ಬಾಳದ ಕಂಪನಿಗಳಿಗೋ ಬೆಂಗಳೂರಿಗೋ ಹೋಗಿ ಕೆಲಸಕ್ಕೆ ಕೂತಿರುವ ಹುಡುಗ ಹುಡುಗಿಯರಿಗೆ ಆವೃತ್ತಿ ನಿಯಂತ್ರಣ ವ್ಯವಸ್ಥೆ ಎಂದರೆ ದಿನಬಳಕೆಯ ಸಾಮಾನು. ಬರೆದ ಪ್ರೋಗ್ರಾಮುಗಳೆಲ್ಲ ಒಂದು ಭಂಡಾರದಲ್ಲಿರುತ್ತವೆ. ಯಾರು, ಯಾವತ್ತು, ಯಾವ ಸಾಲು ತಿದ್ದಿದರು, ಏಕೆ ತಿದ್ದಿದರು ಎಂಬುದು ಅಲ್ಲಿ ದಾಖಲಾಗುತ್ತದೆ. ಹಳೆಯ ಯಾವ ಪ್ರತಿಯನ್ನು ಬೇಕಾದರೂ ಮತ್ತೆ ತೆಗೆಯಬಹುದು. ಇಬ್ಬರು ಒಂದೇ ಕಡೆ ಒಟ್ಟಿಗೆ ಬರೆದು ಕೆಡಿಸದಂತೆ ತಡೆಯಲು ಅಲ್ಲಿ ಬೀಗಗಳಿವೆ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ವ್ಯವಹಾರದಂತೆಯೇ ಇದು. ಟವೆಲ್ಲಿನ ಮರ್ಯಾದೆಯನ್ನು ಎಲ್ಲರೂ ಕಾಪಾಡುವುದರಿಂದ ಏರ್ಪಾಡು ನಡೆಯುತ್ತದೆ; ಟವೆಲ್ ಹಾಕಿದ ಆಸಾಮಿ ಬೇರೆ ಬಸ್ಸು ಹತ್ತಿ ಹೋಗಿಬಿಟ್ಟರೆ ಮಾತ್ರ ಪೇಚು.

ಈ ಬಗೆಯ ಮೊದಲ ವ್ಯವಸ್ಥೆಗಳಲ್ಲೊಂದನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಚ್‌ಕೈಂಡ್ 1972ರಲ್ಲಿ ಕಟ್ಟಿದರು. ಹೆಸರು ಎಸ್‌ಸಿಸಿಎಸ್. ಬೀಗಗಳಲ್ಲಿ ಎರಡು ಜಾತಿ ಎಂಬುದು ಅದರಲ್ಲೇ ಕಾಣುತ್ತದೆ. ಒಂದು ಮನುಷ್ಯ ಹಾಕುವ ಬೀಗ: ಈ ಫೈಲನ್ನು ತಿದ್ದಲು ಇಂಥವರು ತೆಗೆದುಕೊಂಡಿದ್ದಾರೆ ಎಂದು ‘ಪಿ’ ಫೈಲಿನಲ್ಲಿ ಬರೆದಿರುತ್ತಿತ್ತು. ಗಂಟೆಗಟ್ಟಲೆ, ದಿನಗಟ್ಟಲೆ ಇರಬಹುದಾದ ಬೀಗ ಇದು. ಇನ್ನೊಂದು ಯಂತ್ರ ತನಗೆ ತಾನೇ ಹಾಕಿಕೊಳ್ಳುವ ಬೀಗ: ಭಂಡಾರಕ್ಕೆ ಬರೆಯುವ ಕ್ಷಣಮಾತ್ರಕ್ಕೆ ಹುಟ್ಟಿ ಸಾಯುವ ‘ಝಡ್’ ಫೈಲು. ಅದರೊಳಗೆ ಬರೆಯುತ್ತಿರುವ ಪ್ರೋಸೆಸ್ಸಿನ, ಅಂದರೆ ಓಡುತ್ತಿರುವ ಪ್ರೋಗ್ರಾಮಿನ, ಕ್ರಮಸಂಖ್ಯೆ ಇರುತ್ತಿತ್ತು. ಹಾಕಿದವರು ಹೋದ ಮೇಲೂ ಉಳಿದು ಹಳಸಿದ ಬೀಗವನ್ನು ತೆಗೆಯುವ ಮುನ್ನ ಇದು ಯಾವ ಜಾತಿಯದು ಎಂದು ಕೇಳದವರು ಇವತ್ತಿಗೂ ಎಡವುತ್ತಾರೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಮನುಷ್ಯರ ಬೀಗವನ್ನು ಸಭ್ಯವಾಗಿ ಮುರಿಯುವುದು ಹೇಗೆಂದು ಯೋಚಿಸಿದವರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಶಿ ಅವರಿಗೆ ದೊಡ್ಡ ಜಾಗ ಕೊಡಬೇಕು. 1980ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಆರ್‌ಸಿಎಸ್‌ನಲ್ಲಿ ಬೀಗ ಹಾಕಿದವರೇ ತೆಗೆಯಬೇಕು. ಬೇರೆಯವರು ತೆಗೆಯಲು ಹೋದರೆ ವ್ಯವಸ್ಥೆ ಅಡ್ಡಿ ಮಾಡುವುದಿಲ್ಲ, ಆದರೆ ಸುಮ್ಮನೆ ಬಿಡುವುದೂ ಇಲ್ಲ. ಏಕೆ ಮುರಿಯುತ್ತಿದ್ದೀರಿ, ಬರೆಯಿರಿ ಎನ್ನುತ್ತದೆ. ಬರೆದ ಕಾರಣ ಬೀಗದ ಒಡೆಯರಿಗೆ ಮೇಲ್ ಆಗಿ ಹೋಗುತ್ತದೆ. ನಲವತ್ತು ವರ್ಷಗಳ ಹಿಂದಿನ ಈ ಏರ್ಪಾಡಿನಲ್ಲಿದ್ದ ನಾಚಿಕೆ ಮರ್ಯಾದೆ ಆಮೇಲೆ ಬಂದ ಎಷ್ಟೋ ಸಾಧನಗಳಲ್ಲಿ ಇಲ್ಲ.

ಬೀಗಗಳಿಂದ ಬೇಸತ್ತವರೂ ಇದ್ದರು. ಆಮ್‌ಸ್ಟರ್‌ಡ್ಯಾಮಿನ ವ್ರಿಯೆ ವಿಶ್ವವಿದ್ಯಾಲಯದಲ್ಲಿ ಡಿಕ್ ಖ್ರೂನೆ 1984-85ರಲ್ಲಿ ಇಬ್ಬರು ವಿದ್ಯಾರ್ಥಿಗಳೊಂದಿಗೆ ಸಿ ಭಾಷೆಯ ಕಂಪೈಲರ್ ಒಂದನ್ನು ಬರೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಶಿಸ್ತಾಗಿ ಕೂರುವವನು. ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ. ಮೇಷ್ಟ್ರಿಗೆ ಬಿಡುವು ಸಿಗುವುದು ಸಂಜೆ. ಒಬ್ಬ ಬೀಗ ಹಾಕಿ ಮನೆಗೆ ಹೋದರೆ ಇನ್ನೊಬ್ಬ ಏನು ಮಾಡಬೇಕು? ಈ ಇಕ್ಕಟ್ಟಿನಿಂದ ಹುಟ್ಟಿದ್ದು ಸಿವಿಎಸ್. 1986ರಲ್ಲಿ ಅದು ಎಲ್ಲರಿಗೂ ಸಿಕ್ಕಿತು, 1989ರಲ್ಲಿ ಬ್ರಯಾನ್ ಬರ್ಲಿನರ್ ಅದನ್ನು ಹೊಸದಾಗಿ ಬರೆದರು. ಎಲ್ಲರೂ ತಂತಮ್ಮ ಪ್ರತಿಯನ್ನು ತಿದ್ದಿಕೊಳ್ಳಲಿ, ಕೊನೆಗೆ ಸಾಲು ಸಾಲು ಹೋಲಿಸಿ ಜೋಡಿಸೋಣ ಎಂಬುದು ಅದರ ದಾರಿ. ಮನುಷ್ಯರ ಬೀಗ ಹೀಗೆ ಮಾಯವಾಯಿತು. ಯಂತ್ರದ ಬೀಗ ಮಾಯವಾಗಲಿಲ್ಲ. ಬರೆಯುವ ಕ್ಷಣದಲ್ಲಿ ಅದು ಬೇಕೇ ಬೇಕು. ಜಾಲ ಕಡಿದು ಆ ಬೀಗ ಉಳಿದುಬಿಟ್ಟರೆ, ಇಂಥವರ ಬೀಗಕ್ಕಾಗಿ ಕಾಯುತ್ತಿದ್ದೇನೆ ಎಂದು ಸಿವಿಎಸ್ ಮೂವತ್ತು ಸೆಕೆಂಡಿಗೊಮ್ಮೆ ತಿರುಗಿ ನೋಡುತ್ತ, ಕಾಯುತ್ತ ಕೂರುತ್ತಿತ್ತು. ಆ ‘ಇಂಥವರು’ ಮನೆ ಸೇರಿ ಊಟ ಮಾಡಿ ಮಲಗಿದ್ದರೂ ಸರಿಯೇ.

ಇವತ್ತಿನ ಹುಡುಗರ ಕೈಯಲ್ಲಿರುವುದು ಗಿಟ್. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಆರಂಭಿಸಿದ ವ್ಯವಸ್ಥೆ. ಅದರಲ್ಲಿ ‘ಇಂಡೆಕ್ಸ್’ ಎಂಬ ಸೂಚಿಯನ್ನು ಬದಲಾಯಿಸುವಾಗ ಗಿಟ್ ಮೊದಲು ‘ಇಂಡೆಕ್ಸ್ ಡಾಟ್ ಲಾಕ್’ ಎಂಬ ಹೆಸರಿನಲ್ಲಿ ಹೊಸ ಫೈಲನ್ನು ತೆರೆಯುತ್ತದೆ. ಹೊಸ ಸೂಚಿಯನ್ನು ಅದರಲ್ಲೇ ಬರೆದು ಮುಗಿಸಿ, ಹಳೆಯದರ ಜಾಗಕ್ಕೆ ಹೆಸರು ಬದಲಿಸಿ ಕೂರಿಸುತ್ತದೆ. ಬೀಗವೂ ಅದೇ, ಕರಡು ಪ್ರತಿಯೂ ಅದೇ. ಜಾಣ ಉಪಾಯ. ನಡುವೆ ಪ್ರೋಗ್ರಾಮು ಬಿದ್ದುಹೋದರೆ ಹಳೆಯ ಸೂಚಿಗೆ ಧಕ್ಕೆಯಿಲ್ಲ; ಲಾಕ್ ಫೈಲು ಮಾತ್ರ ಉಳಿದು ಮುಂದಿನ ಕೆಲಸವನ್ನು ತಡೆಯುತ್ತದೆ.

ಆಗ ಗಿಟ್ ಒಂದು ಎಚ್ಚರಿಕೆ ಕೊಡುತ್ತದೆ. ಈ ಭಂಡಾರದಲ್ಲಿ ಇನ್ನೊಂದು ಗಿಟ್ ಪ್ರೋಸೆಸ್ ಓಡುತ್ತಿರುವಂತಿದೆ, ಎಲ್ಲವೂ ಮುಗಿದಿವೆಯೇ ನೋಡಿ, ಆಮೇಲೂ ಆಗದಿದ್ದರೆ ಹಿಂದೆ ಯಾವುದೋ ಕುಸಿದಿರಬಹುದು, ಫೈಲನ್ನು ಕೈಯಾರೆ ಅಳಿಸಿ ಎನ್ನುವುದು ಅದರ ಸಾರ. ಬಹಳ ಜನ ಓದುವುದು ಕೊನೆಯ ಮಾತನ್ನು ಮಾತ್ರ. ಬೀಗ ಕಂಡ ತಕ್ಷಣ ಅಳಿಸುವ ಆಜ್ಞೆ ಬಾಯಿಪಾಠವಾಗಿರುತ್ತದೆ, ಬೆರಳು ತಾನಾಗಿ ಟೈಪು ಮಾಡುತ್ತದೆ. ಹತ್ತರಲ್ಲಿ ಒಂಬತ್ತು ಸಲ ಏನೂ ಆಗದಿರಬಹುದು. ಇನ್ನೊಂದು ಸಲ, ಪಕ್ಕದ ಕಿಟಕಿಯಲ್ಲಿ ‘ಕಮಿಟ್’, ಅಂದರೆ ಬದಲಾವಣೆಯನ್ನು ಭಂಡಾರಕ್ಕೆ ಸೇರಿಸುವಾಗ ಬರೆಯುವ ಟಿಪ್ಪಣಿ, ಅರ್ಧಕ್ಕೆ ನಿಂತು ಕಾಯುತ್ತಿರುತ್ತದೆ, ಅಥವಾ ಕೋಡ್ ಬರೆಯುವ ಎಡಿಟರು ಹಿನ್ನೆಲೆಯಲ್ಲಿ ತಾನೇ ಗಿಟ್ ಓಡಿಸುತ್ತಿರುತ್ತದೆ. ಬದುಕಿರುವವನ ಬೀಗ ಕಿತ್ತಂತಾಗುತ್ತದೆ. ಇಬ್ಬರೂ ಬರೆಯುತ್ತಾರೆ, ಒಬ್ಬರ ಕೆಲಸ ಇನ್ನೊಬ್ಬರದರ ಅಡಿಯಲ್ಲಿ ಹೂತುಹೋಗುತ್ತದೆ.

ಮೆರ್ಕ್ಯುರಿಯಲ್ ಎಂಬ ವ್ಯವಸ್ಥೆಯೂ 2005ರ ಏಪ್ರಿಲ್‌ನಲ್ಲೇ ಹುಟ್ಟಿತು. ಬೀಗದ ವಿಷಯದಲ್ಲಿ ಅದು ಗಿಟ್‌ಗಿಂತ ಹೆಚ್ಚು ವಿವೇಕಿ. ಬೀಗದಲ್ಲೇ ಕಂಪ್ಯೂಟರಿನ ಹೆಸರು ಮತ್ತು ಪ್ರೋಸೆಸ್ ಸಂಖ್ಯೆ ಬರೆದಿರುತ್ತದೆ. ಮುಂದೆ ಬಂದವರು ಅದೇ ಕಂಪ್ಯೂಟರಿನಲ್ಲಿದ್ದರೆ, ಆ ಸಂಖ್ಯೆಯ ಪ್ರೋಸೆಸ್ ಜೀವಂತವಿದೆಯೇ ಎಂದು ಮೆರ್ಕ್ಯುರಿಯಲ್ ತಾನೇ ವಿಚಾರಿಸಿ, ಸತ್ತಿದ್ದರೆ ಬೀಗವನ್ನು ತಾನೇ ತೆಗೆಯುತ್ತದೆ. ಬೇರೆ ಕಂಪ್ಯೂಟರಿನದಾದರೆ ಮುಟ್ಟುವುದಿಲ್ಲ. ಅಲ್ಲಿ ಏನು ನಡೆಯುತ್ತಿದೆಯೋ ಇಲ್ಲಿಂದ ಕಾಣುವುದಿಲ್ಲವಲ್ಲ! ಇದಕ್ಕಿಂತ ಸೂಕ್ಷ್ಮ ಇಮ್ಯಾಕ್ಸ್ ಎಂಬ ಹಳೆಯ ಬರವಣಿಗೆ ಸಾಧನ. ಅದರ ಬೀಗದಲ್ಲಿ ಬಳಕೆದಾರರ ಹೆಸರು, ಯಂತ್ರದ ಹೆಸರು, ಪ್ರೋಸೆಸ್ ಸಂಖ್ಯೆಯ ಜೊತೆಗೆ ಆ ಯಂತ್ರ ಯಾವಾಗ ಶುರುವಾಯಿತು ಎಂಬ ವೇಳೆಯೂ ಇರುತ್ತದೆ. ಏಕೆಂದರೆ ಕರೆಂಟು ಹೋಗಿ ಬಂದ ಮೇಲೆ ಅದೇ ಸಂಖ್ಯೆ ಬೇರಾವುದೋ ಪ್ರೋಗ್ರಾಮಿಗೆ ಸಿಕ್ಕಿರಬಹುದು. ಸಂಖ್ಯೆಯನ್ನಷ್ಟೇ ನೋಡಿದರೆ ಸತ್ತವನು ಬದುಕಿದ್ದಾನೆ ಎಂದು ತಿಳಿದು ಮೋಸಹೋಗಬೇಕಾಗುತ್ತದೆ.

ಸಬ್‌ವರ್ಷನ್, ಅಂದರೆ ಎಸ್‌ವಿಎನ್, ಎಂಬ ಇನ್ನೊಂದು ವ್ಯವಸ್ಥೆ ಈಗಲೂ ಸಾಕಷ್ಟು ಕಡೆ ಬಳಕೆಯಲ್ಲಿದೆ. ಕೆಡಿಇ ಎಂಬ ಮುಕ್ತ ತಂತ್ರಾಂಶದ ಕನ್ನಡ ಅನುವಾದದ ಫೈಲುಗಳೂ ಬೇರೆ ಭಾಷೆಗಳವುಗಳ ಜೊತೆ ಸಬ್‌ವರ್ಷನ್ ಭಂಡಾರದಲ್ಲೇ ಇವೆ. ಊರಿನ ಮನೆಯಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರಿಗೆ ಅದರ ಒಂದು ಕಾಟ ಗೊತ್ತಿರುತ್ತದೆ. ಭಂಡಾರದಿಂದ ಹೊಸ ಪ್ರತಿ ಇಳಿಸಿಕೊಳ್ಳುವಾಗ ಕೆಲಸ ಅರ್ಧಕ್ಕೇ ನಿಂತರೆ, ತಮ್ಮ ಕೆಲಸದ ಪ್ರತಿಯೇ ಬೀಗ ಬಿದ್ದು ಕೂರುತ್ತದೆ. ಸ್ಥಿತಿ ಕೇಳಿದರೆ ‘ಎಲ್’ ಅಕ್ಷರ ತೋರಿಸುತ್ತದೆ. ಇದಕ್ಕೆ ಮದ್ದು ‘ಎಸ್‌ವಿಎನ್ ಕ್ಲೀನಪ್’. ಹೆಸರು ಕೇಳಿ ಇದು ಕಸ ಗುಡಿಸುವ ಕೆಲಸ ಎಂದುಕೊಳ್ಳುವವರು ಹೆಚ್ಚು. ಸಬ್‌ವರ್ಷನ್ ಏನು ಮಾಡಬೇಕೆಂದಿದೆಯೋ ಅದನ್ನು ಮೊದಲೇ ಪಟ್ಟಿ ಬರೆದಿಟ್ಟುಕೊಂಡಿರುತ್ತದೆ. ಕ್ಲೀನಪ್ ಆ ಪಟ್ಟಿಯನ್ನು ಓದಿ, ಅರ್ಧಕ್ಕೆ ಬಿಟ್ಟದ್ದನ್ನು ಪೂರ್ತಿ ಮಾಡಿ, ಆಮೇಲೆ ಬೀಗ ತೆಗೆಯುತ್ತದೆ. ಕೈಯಾರೆ ಬೀಗ ಕಿತ್ತುಹಾಕುವವರು ಕಳೆದುಕೊಳ್ಳುವುದು ಈ ಮೊದಲ ಅರ್ಧವನ್ನು.

ಮನುಷ್ಯರ ಬೀಗ ಮಾಯವಾಯಿತು ಎಂದು ಮೇಲೆ ಹೇಳಿದ್ದು ಪೂರ್ತಿ ನಿಜವಲ್ಲ. ಅದು ತಿರುಗಿ ಬಂತು, ಬರಲೇಬೇಕಾಗಿತ್ತು. ಸಾಲು ಸಾಲು ಹೋಲಿಸಿ ಜೋಡಿಸಲು ಆಗದ ಫೈಲುಗಳು ಬೇಕಾದಷ್ಟಿವೆ: ಚಿತ್ರಗಳು, ಕಟ್ಟಡದ ನಕ್ಷೆಗಳು, ಹಾಡಿನ ಮುದ್ರಣಗಳು. ಯುನಿಕೋಡ್‌ನಲ್ಲಿ ಬರೆದ ಬರಿಯ ಕನ್ನಡ ಪಠ್ಯವನ್ನು ಇಬ್ಬರು ಬೇರೆ ಬೇರೆ ಪುಟಗಳಲ್ಲಿ ತಿದ್ದಿದರೆ ಯಂತ್ರವೇ ಜೋಡಿಸಿಕೊಡುತ್ತದೆ. ಅದೇ ಪುಸ್ತಕವನ್ನು ಪೇಜ್‌ಮೇಕರಿನಲ್ಲಿ ಕೂರಿಸಿದ್ದರೆ ಇಬ್ಬರಲ್ಲಿ ಒಬ್ಬರ ದುಡಿಮೆ ಕಸದ ಬುಟ್ಟಿಗೆ. ಆದ್ದರಿಂದ ಸಬ್‌ವರ್ಷನ್ 2005ರ ಮೇ ತಿಂಗಳ 1.2ನೇ ಆವೃತ್ತಿಯಲ್ಲಿ ಬೀಗವನ್ನು ಮರಳಿ ತಂದಿತು. ಗಿಟ್ ಬಳಗದಲ್ಲೂ ದೊಡ್ಡ ಫೈಲುಗಳಿಗಾಗಿ ಇರುವ ಎಲ್‌ಎಫ್‌ಎಸ್ ಎಂಬ ಜೋಡಣೆ 2017ರಲ್ಲಿ ಇದನ್ನೇ ಮಾಡಿತು.

ಸಬ್‌ವರ್ಷನ್‌ನಲ್ಲಿ ಬೀಗದ ಸ್ಥಿತಿ ಹೇಳುವ ಅಕ್ಷರಗಳೇ ಒಂದು ಪುಟ್ಟ ನಾಟಕ. ಬೀಗ ನಿಮ್ಮ ಬಳಿಯೇ ಇದ್ದರೆ ‘ಕೆ’. ಬೇರೆಯವರ ಬಳಿ ಇದ್ದರೆ ‘ಓ’. ನಿಮ್ಮದನ್ನು ಯಾರೋ ಮುರಿದಿದ್ದರೆ ‘ಬಿ’. ಮುರಿದು ತಮ್ಮದಾಗಿಸಿಕೊಂಡಿದ್ದರೆ ‘ಟಿ’, ಅಂದರೆ ಕಳುವಾಗಿದೆ! ಭಂಡಾರ ನೋಡಿಕೊಳ್ಳುವವರು ‘ಎಸ್‌ವಿಎನ್ ಅಡ್ಮಿನ್ ಎಲ್‌ಎಸ್ ಲಾಕ್ಸ್’ ಎಂದು ಕೇಳಿದರೆ ಎಲ್ಲ ಬೀಗಗಳ ಪಟ್ಟಿ ಬರುತ್ತದೆ: ಯಾವ ಫೈಲು, ಯಾರ ಹೆಸರು, ಯಾವತ್ತಿನಿಂದ, ಏಕೆ ಎಂಬ ಟಿಪ್ಪಣಿ, ಮುಗಿಯುವ ತಾರೀಖು. ಈ ಕೊನೆಯ ಅಂಕಣ ಸಾಮಾನ್ಯವಾಗಿ ಖಾಲಿ. ಸಬ್‌ವರ್ಷನ್‌ನ ಸ್ವಂತ ಸಾಧನ ಬೀಗಕ್ಕೆ ಅವಧಿ ಹಾಕುವುದೇ ಇಲ್ಲ. ಕಂಪನಿ ಬಿಟ್ಟು ಹೋದವರ, ಹೆರಿಗೆ ರಜೆಯಲ್ಲಿರುವವರ, ಹಳೆಯ ಲ್ಯಾಪ್‌ಟಾಪು ವಾಪಸು ಕೊಟ್ಟವರ ಬೀಗಗಳೆಲ್ಲ ಹಾಗೇ ನಿಂತಿರುತ್ತವೆ. ತೆಗೆಯಲು ಎರಡು ದಾರಿ. ಬಳಕೆದಾರರೇ ಬಲವಂತದಿಂದ ಬೀಗ ತೆರೆಯುವ ಆಜ್ಞೆ ಕೊಟ್ಟರೆ, ಅದಕ್ಕೆ ಅನುಮತಿ ಇದೆಯೇ ಎಂದು ನೋಡುವ, ಒಡೆಯರಿಗೆ ಮೇಲ್ ಕಳಿಸುವ ಸಣ್ಣ ಪ್ರೋಗ್ರಾಮುಗಳನ್ನು ಸರ್ವರಿನಲ್ಲಿ ಇಟ್ಟಿರಬಹುದು. ‘ಆರ್‌ಎಂ ಲಾಕ್ಸ್’ ಎಂಬ ಅಡ್ಮಿನ್ ಆಜ್ಞೆ ಆ ಕಾವಲನ್ನೆಲ್ಲ ದಾಟಿ ಸದ್ದಿಲ್ಲದೆ ತೆಗೆಯುತ್ತದೆ. ಮೊದಲನೆಯದು ಸಾಧ್ಯವಿರುವಾಗ ಎರಡನೆಯದಕ್ಕೆ ಕೈಹಾಕುವುದು ಬರಿಯ ಸೋಮಾರಿತನ.

ಅವಧಿಯ ಪ್ರಶ್ನೆಗೆ ಸ್ಟ್ಯಾನ್‌ಫರ್ಡ್‌ನ ಕ್ಯಾರಿ ಗ್ರೇ ಮತ್ತು ಡೇವಿಡ್ ಚೆರಿಟನ್ 1989ರಲ್ಲೇ ಉತ್ತರ ಬರೆದಿದ್ದರು. ಬೀಗವನ್ನು ಶಾಶ್ವತವಾಗಿ ಕೊಡಬೇಡಿ, ಗುತ್ತಿಗೆಗೆ ಕೊಡಿ. ವಾಯಿದೆ ಮುಗಿಯುವ ಮುನ್ನ ನವೀಕರಿಸದಿದ್ದರೆ ತಾನಾಗಿ ಬಿಟ್ಟುಹೋಗಲಿ. ಇವತ್ತು ಸಾವಿರಾರು ಸರ್ವರುಗಳು ಒಟ್ಟಿಗೆ ದುಡಿಯುವ ಕಡೆಯೆಲ್ಲ ನಡೆಯುವುದು ಹೆಚ್ಚಾಗಿ ಈ ಗುತ್ತಿಗೆ ಪದ್ಧತಿಯೇ.

ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರ ಹೋಬಳಿಯ ರೈತರಿಗೆ ಕೀಬೋರ್ಡು ಮುಟ್ಟದೆಯೂ ಇಂಥ ಬೀಗಗಳ ಪರಿಚಯವಿದೆ. ಜಮೀನಿನ ದಾಖಲೆಯೂ ಒಂದು ಆವೃತ್ತಿ ಭಂಡಾರವೇ. ಪಹಣಿ ಇವತ್ತಿನ ಪ್ರತಿ, ಎಂ.ಆರ್. ಪುಸ್ತಕ ಅದರ ಬದಲಾವಣೆಗಳ ಚರಿತ್ರೆ: ಯಾವ ನಂಬರಿನಲ್ಲಿ, ಯಾವತ್ತು, ಕ್ರಯದಿಂದಲೋ ಪೌತಿಯಿಂದಲೋ ವಿಭಾಗದಿಂದಲೋ ಹಕ್ಕು ಬದಲಾಯಿತು ಎಂದು. ಹಿಂದೆ ಇದೆಲ್ಲ ರಾಜ್ಯದ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಬದಲಾವಣೆ ಮಾಡುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬ ನಿಯಮ ಬಂತು. ಮೊದಲು ಬಂದ ಅರ್ಜಿಯೇ ಮೊದಲು ಎಂಬುದನ್ನೂ ತಂತ್ರಾಂಶವೇ ಕಾಯುವಂತಾಯಿತು. ಹಕ್ಕು ಬದಲಾವಣೆಗೆ ಆಕ್ಷೇಪಣೆ ಸಲ್ಲಿಸಲು ಇರುವ ನೋಟಿಸ್ ಅವಧಿ ವಾಯಿದೆಯುಳ್ಳ ಬೀಗ. ಮೊದಲು ಅದು 30 ದಿನವಿತ್ತು, ನೋಂದಾಯಿತ ವ್ಯವಹಾರಗಳಿಗೆ ಈಚೆಗೆ ಬಹಳ ಇಳಿದಿದೆ. ಆ ಬೀಗದಿಂದ ತಕರಾರಿಲ್ಲ. ತಾನಾಗಿ ಬಿಡುತ್ತದೆ.

ತಾನಾಗಿ ಬಿಡದ ಬೀಗ ಪಹಣಿಯ 11ನೇ ಕಾಲಂನಲ್ಲಿದೆ. ಇತರೆ ಹಕ್ಕುಗಳು ಮತ್ತು ಋಣಗಳ ಕಾಲಂ ಅದು. ಬೆಳೆಸಾಲಕ್ಕೆ ಜಮೀನು ಆಧಾರ ಮಾಡಿ ರೈತ ಘೋಷಣೆ ಬರೆದುಕೊಟ್ಟರೆ, 1974ರ ಕರ್ನಾಟಕ ಕೃಷಿ ಸಾಲ ಕಾಯ್ದೆಯಡಿ ಬ್ಯಾಂಕಿನ ಅಥವಾ ಸಹಕಾರ ಸಂಘದ ಹೆಸರು, ಮೊಬಲಗು ಅಲ್ಲಿ ಕೂರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿನ ಬೆಳೆಗಾರರಿಗೆ ಇದು ವರ್ಷವರ್ಷದ ವ್ಯವಹಾರ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ಬೇಲು ಮಾರಿದ ಹಣದಲ್ಲೇ ಸಾಲ ಮುರಿದುಕೊಳ್ಳಲಾಗುತ್ತದೆ. ಸಾಲ ನವೀಕರಣವಾಗುತ್ತಿರುವವರೆಗೆ ಬೀಗ ಇರುವುದು ನ್ಯಾಯ. ತೊಂದರೆ ಬರುವುದು ಸಾಲ ಪೂರ್ತಿ ತೀರಿ, ಖಾತೆ ಮುಚ್ಚಿ, ರೈತ ಅದನ್ನು ಮರೆತ ಮೇಲೆ. ಸಾಲ ತೀರಿದ್ದು ಬ್ಯಾಂಕಿನ ಲೆಡ್ಜರಿನಲ್ಲಿ. ಕಾಲಂ ಇರುವುದು ಕಂದಾಯ ಇಲಾಖೆಯ ದಾಖಲೆಯಲ್ಲಿ. ಒಂದು ಕಡೆ ತೀರಿದ್ದು ಇನ್ನೊಂದು ಕಡೆಗೆ ತಿಳಿಯಬೇಕಾದರೆ ಯಾರಾದರೂ ತಿಳಿಸಬೇಕು. ಈಗ ರೈತರ ನೋಂದಣಿಗಿರುವ ‘ಫ್ರೂಟ್ಸ್’ ಜಾಲತಾಣದ ಮೂಲಕ ಬ್ಯಾಂಕುಗಳೇ ಋಣವನ್ನು ನೇರವಾಗಿ ನಮೂದಿಸುವ ಅನುಕೂಲ ಬಂದಿದೆ. ಅದಕ್ಕೂ ಹಿಂದಿನ ನಮೂದುಗಳ ಕತೆ ಬೇರೆ.

ಇಲ್ಲೇ ಬೀಗ ಹಾಕಿದವರು ಬದುಕಿದ್ದಾರೆಯೇ ಎಂಬ ಪ್ರಶ್ನೆ ವಿಚಿತ್ರ ರೂಪ ತಾಳುವುದು. ಹಳೆಯ ಪಹಣಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದಿದ್ದರೆ, 1913ರಲ್ಲಿ ಹುಟ್ಟಿದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಗಿದೆ. ವಿಜಯಾ ಬ್ಯಾಂಕ್ ಎಂದಿದ್ದರೆ 2019ರಿಂದ ಅದು ಬ್ಯಾಂಕ್ ಆಫ್ ಬರೋಡಾ. ಸಿಂಡಿಕೇಟ್ ಎಂದಿದ್ದರೆ 2020ರಿಂದ ಕೆನರಾ, ಕಾರ್ಪೊರೇಷನ್ ಎಂದಿದ್ದರೆ ಯೂನಿಯನ್ ಬ್ಯಾಂಕ್. ಕಾವೇರಿ ಗ್ರಾಮೀಣ ಬ್ಯಾಂಕಿನ ಹೆಸರೂ 2019ರಲ್ಲಿ ವಿಲೀನದೊಂದಿಗೆ ಹೋಯಿತು. ಬೀಗದ ಮೇಲಿರುವ ಹೆಸರಿನ ಬೋರ್ಡು ಯಾವ ಪೇಟೆಯಲ್ಲೂ ಇಲ್ಲ. ಆದರೆ ಸತ್ತ ಪ್ರೋಸೆಸ್ಸಿಗೆ ವಾರಸುದಾರರಿಲ್ಲ, ವಿಲೀನವಾದ ಬ್ಯಾಂಕಿಗೆ ಇದ್ದಾರೆ. ಹಳೆಯ ಸಾಲವೂ ಹಳೆಯ ಹಕ್ಕೂ ಹೊಸ ಬ್ಯಾಂಕಿಗೆ ವರ್ಗವಾಗಿರುತ್ತವೆ. ಆ ಬ್ಯಾಂಕೇ ಇಲ್ಲವಲ್ಲ, ಹೆಸರು ತೆಗೆದುಬಿಡಿ ಎಂದು ನಾಡಕಚೇರಿಯಲ್ಲಿ ವಾದಿಸಿ ಗೆಲ್ಲುವಂತಿಲ್ಲ, ಗೆಲ್ಲಲೂಬಾರದು. ಸಾಲ ತೀರಿದೆಯೋ ಇಲ್ಲವೋ ಎಂದು ನೋಡದೆ ಋಣ ಅಳಿಸುವ ನೌಕರ, ಪ್ರೋಸೆಸ್ ನೋಡದೆ ಇಂಡೆಕ್ಸ್ ಡಾಟ್ ಲಾಕ್ ಅಳಿಸುವ ಹುಡುಗನಿಗಿಂತ ಹೆಚ್ಚು ಹಾನಿ ಮಾಡುತ್ತಾನೆ.

ಹೀಗೆ ಬಿಟ್ಟುಹೋದ ಋಣ ಗೊತ್ತಾಗುವುದು ಯಾವಾಗ? ಮಗಳ ಮದುವೆಗೆ ಎಂದು ಅರ್ಧ ಎಕರೆ ಮಾರಲು ಹೊರಟಾಗ, ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಬೇರೆ ಬೇರೆ ಸಾಲಕ್ಕೆ ಅರ್ಜಿ ಹಾಕಿದಾಗ. ಕೊಳ್ಳುವವರು ಕಾದು ಕೂತಿರುತ್ತಾರೆ, ಹಳೆಯ ಶಾಖೆಯ ಕಡತ ಹುಡುಕಲು ದಿನಗಳು ಹಿಡಿಯುತ್ತವೆ. ಹೊಸ ಆವೃತ್ತಿಯ ಬಿಡುಗಡೆಯ ದಿನ ಬೀಗ ಕಂಡು ಬೆಚ್ಚುವ ಸಾಫ್ಟ್‌ವೇರ್ ತಂಡದ ಪಾಡೂ ಇದೇ. ಸೋಮವಾರಕ್ಕೊಮ್ಮೆ ಬೀಗಗಳ ಪಟ್ಟಿ ತೆಗೆದು ಹಳೆಯದರ ಒಡೆಯರಿಗೆ ಒಂದು ಮಾತು ಕೇಳುವುದಕ್ಕೆ ಹತ್ತು ನಿಮಿಷ ಸಾಕು.

ಇದನ್ನು ಓದುತ್ತಿರುವ ರೈತರು ಹೊಸ ಅಗ್ರಹಾರದ್ದೋ ತಮ್ಮ ಹೋಬಳಿಯದೋ ನಾಡಕಚೇರಿಗೆ ಹೋದಾಗ ಪಹಣಿಯ ಒಂದು ಪ್ರತಿ ತೆಗೆಸಿ 11ನೇ ಕಾಲಂ ನೋಡಲಿ. ತೀರಿಸಿದ ಸಾಲ ಅಲ್ಲಿ ಇನ್ನೂ ಕೂತಿದ್ದರೆ, ಬ್ಯಾಂಕು ಈಗ ಯಾವ ಹೆಸರಿನಲ್ಲಿದೆಯೋ ಆ ಶಾಖೆಯಿಂದ ಬೇಬಾಕಿ ಪತ್ರ ಪಡೆದು, ಋಣ ಬಿಡುಗಡೆಗೆ ಅರ್ಜಿ ಕೊಟ್ಟು, ಹೊಸ ಪಹಣಿ ಕೈಗೆ ಬರುವವರೆಗೆ ಬೆನ್ನುಹತ್ತಲಿ. ರಜೆಗೆ ಊರಿಗೆ ಬರುವ ಅವರ ಮಕ್ಕಳು, ಹೊರಡುವ ಮುನ್ನ ಆಫೀಸಿನ ಭಂಡಾರದಲ್ಲಿ ತಮ್ಮ ಹೆಸರಿನ ಬೀಗಗಳೇನಾದರೂ ಇವೆಯೇ ಎಂದು ನೋಡಿ, ಬಿಡಿಸಿ ಬರಲಿ.